ಲೇಖನಿಯಿಂದ ಲೆಕ್ಕ ತೊಡಗಲಿ

ಸಿಇಟಿ ಸೀಟು ಹಂಚಿಕೆಯ ಕೋಲಾಹಲವಡಗಿ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ತರಗತಿಗಳು ಪ್ರಾರಂಭವಾಗುವ ಕಾಲಕ್ಕೆ ಸರಿಯಾಗಿ ಈ ಅಂಕಣಕಾರನಿಗೆ ವರ್ಷವರ್ಷವೂ ತಪ್ಪದೆ ಬರತಕ್ಕ ಪ್ರಶ್ನೆಯೊಂದುಂಟು. ಪೀಣ್ಯದ ಎರಡನೆಯ ಹಂತದಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿಯುವ ತಂದೆಯೂ, ಹೆಬ್ಬಗೋಡಿಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯ ಸಾಲಿನಲ್ಲಿ ಕುಳಿತುಕೊಳ್ಳುವ ತಾಯಿಯೂ, ಕಾಡುಗೋಡಿಯ ಪಿಜಿಯೊಂದರ ಕೊಠಡಿಯನ್ನು ಇತರರೊಡನೆ ಹಂಚಿಕೊಂಡಿರುವ ವಿದ್ಯಾರ್ಥಿಯೂ ಒಂದೇ ಧಾಟಿಯಲ್ಲಿ ಕೇಳುತ್ತಾರೆ: “ಸಾರ್, ಕಾಲೇಜಿನಲ್ಲಿ ನೋಟ್ಸ್ ಬರೆದುಕೊಳ್ಳುವುದಕ್ಕೆ ಒಂದು ಟ್ಯಾಬ್ ಬೇಕು, ಇಪ್ಪತ್ತೈದು ಸಾವಿರದೊಳಗೆ ಯಾವುದು ಒಳ್ಳೆಯದು?” ಅವರು ಅಪೇಕ್ಷಿಸುವುದು ಒಂದು ಹೆಸರನ್ನು. ಆದರೆ ಈ ವ್ಯಾಪಾರದಲ್ಲಿ ಹೆಸರುಗಳ ಆಯುಷ್ಯ ಬಹು ಅಲ್ಪ. ಈ ದಸರೆಗೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಮೆರೆದದ್ದು ಬರುವ ದಸರೆಗೆ ಹಳತಾಗಿ ಮೂಲೆ ಸೇರಿರುತ್ತದೆ. ಆದುದರಿಂದ ಹೆಸರನ್ನು ಹೇಳುವುದಕ್ಕಿಂತ, ಯಾವ ಕ್ರಮದಲ್ಲಿ ವಿಚಾರಿಸಿಕೊಂಡು ಹೋಗಬೇಕೆಂಬುದನ್ನು ಹೇಳುವುದೇ ಮೇಲೆಂದು ನನ್ನ ಎಣಿಕೆ. ಬರುವ ಪತ್ರಗಳಲ್ಲಿ ರ‍್ಯಾಮ್ ಎಷ್ಟಿರಬೇಕೆಂಬ ಪ್ರಶ್ನೆಯಿರುತ್ತದೆ, ಕ್ಯಾಮೆರಾದ ಮಾತಿರುತ್ತದೆ, 5ಜಿ ಬೇಕೋ ಬೇಡವೋ ಎಂಬ ಜಿಜ್ಞಾಸೆಯೂ ಇರುತ್ತದೆ. ಬರೆಯುವುದಕ್ಕೆಂದೇ ಕೊಳ್ಳುವ ವಸ್ತುವಿನ ವಿಷಯದಲ್ಲಿ ಬರೆಯತಕ್ಕ ಲೇಖನಿಯ ಪ್ರಸ್ತಾಪ ಮಾತ್ರ ಪ್ರಾಯಶಃ ಇರುವುದಿಲ್ಲ. ಟ್ಯಾಬನ್ನು ತಂದಮೇಲೆ ಅದಕ್ಕೊಪ್ಪುವ ಲೇಖನಿಯನ್ನು ಹುಡುಕತೊಡಗುವವರು, ಬೀಗವನ್ನು ಕೊಂಡು ತಂದು ಕೀಲಿಕೈಗಾಗಿ ಪೇಟೆಯೆಲ್ಲ ಸುತ್ತುವವರನ್ನು ಹೋಲುತ್ತಾರೆ.

ಲೇಖನಿಯೇ ಪ್ರಧಾನವೆಂದು ಬಗೆದ ಯಂತ್ರವೊಂದು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ, ನಗರದ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ಕಲ್ಪಿಸಿದ ಸಿಂಪ್ಯೂಟರ್, 2001ರಲ್ಲಿ ಮಾದರಿಯ ರೂಪದಲ್ಲಿ ಹೊರಬಂದು, 2004ರಲ್ಲಿ ಪೀಣ್ಯದ ನೆರೆಯಲ್ಲೇ ಜಾಲಹಳ್ಳಿಯಲ್ಲಿ ಕಾರ್ಖಾನೆಗಳನ್ನುಳ್ಳ ಬಿಇಎಲ್‌ನ ಸಹಯೋಗದಿಂದ ‘ಅಮಿಡ’ ಎಂಬ ಹೆಸರು ಹೊತ್ತು ಮಾರಾಟಕ್ಕೆ ಬಂದಿತು. ಕೀಲಿಮಣೆಯ ಹಂಗಿಲ್ಲದೆ, ಚಿಕ್ಕದೊಂದು ಕಡ್ಡಿಯಿಂದ ಪರದೆಯನ್ನು ಮುಟ್ಟಿ ಬರೆದು ವ್ಯವಹರಿಸತಕ್ಕ ಯಂತ್ರ ಅದು. ಅಕ್ಷರವಂತನಲ್ಲದವನೂ ಅಲ್ಪಾದಾಯದವನೂ ಬಳಸಬಲ್ಲಂತಿರಬೇಕೆಂಬ ಉದಾತ್ತವಾದ ಆಶಯ ಅದರ ಹಿಂದೆ ಇದ್ದಿತು. ಮಾರಾಟವಾದದ್ದು ಮಾತ್ರ ನಿರೀಕ್ಷೆಗಿಂತ ಬಹಳ ಕಡಿಮೆ. ತರುವಾಯ 2011ರ ಅಕ್ಟೋಬರ್ 5ರಂದು ಅಂದಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ದೆಹಲಿಯಲ್ಲಿ ಬಿಡುಗಡೆ ಮಾಡಿದ ‘ಆಕಾಶ್’, ವಿದ್ಯಾರ್ಥಿಗಳಿಗಾಗಿ ಅತ್ಯಗ್ಗದ ಟ್ಯಾಬ್ ಎಂಬ ಕೀರ್ತಿಯನ್ನು ಹೊತ್ತು ಬಂದದ್ದು, 7 ಅಂಗುಲದ ಪರದೆ ಮತ್ತು 256 ಎಂಬಿ ರ‍್ಯಾಮ್‌ನೊಡನೆ ಎಷ್ಟು ದೂರ ಸಾಗಬಹುದೋ ಅಷ್ಟೇ ದೂರ ಸಾಗಿ ನಿಂತಿತು. ಈ ಎರಡು ಯಂತ್ರಗಳಿಗೂ ಇದ್ದದ್ದು ಒತ್ತಡದ ಪರದೆ: ತೆಳುವಾದ ಎರಡು ಪದರಗಳು, ಮೇಲಿನಿಂದ ಒತ್ತಿದೆಡೆಯಲ್ಲಿ ಒಂದನ್ನೊಂದು ಮುಟ್ಟಿ, ಇಲ್ಲಿ ಸ್ಪರ್ಶವಾಯಿತೆಂದು ಯಂತ್ರಕ್ಕೆ ತಿಳಿಸುತ್ತಿದ್ದವು. ಅದಕ್ಕೆ ಲೇಖನಿಯಾದರೂ ಸರಿ, ಪೆನ್ಸಿಲಿನ ಹಿಂಬದಿಯಾದರೂ ಸರಿ, ಉಗುರಾದರೂ ಸರಿ.

ಆಕಾಶ್ ಬರುವುದಕ್ಕೆ ಮುಂಚೆಯೇ, 2007ರಲ್ಲಿ ಐಫೋನ್ ಬಂದ ಮೇಲಿಂದ, ಲೋಕದ ಮಾರುಕಟ್ಟೆ ಬೇರೊಂದು ಬಗೆಯ ಪರದೆಯ ಕಡೆಗೆ ತಿರುಗಿತ್ತು. ಒತ್ತಡಕ್ಕೆ ಬದಲಾಗಿ ಬೆರಳಿನ ಸಾಮೀಪ್ಯದಿಂದ ವಿದ್ಯುತ್ ಕ್ಷೇತ್ರದಲ್ಲುಂಟಾಗುವ ವ್ಯತ್ಯಾಸವನ್ನು ಗ್ರಹಿಸುವ ಈ ಗಾಜಿಗೆ ಬೆರಳೇ ಅರಸು. ಪ್ಲಾಸ್ಟಿಕ್ ಕಡ್ಡಿಯಿಂದ ಎಷ್ಟು ಗೀಚಿದರೂ ಅದು ಅರಿಯದು. ಹೀಗಾಗಿ ಇಂದು ಹತ್ತು ಹನ್ನೆರಡು ಸಾವಿರಕ್ಕೆ ದೊರೆಯುವ ಟ್ಯಾಬ್‌ಗಳಲ್ಲಿ ಬಹುಪಾಲು ಬೆರಳಿಗಾಗಿ ನಿರ್ಮಿತವಾದವು, ನೋಡುವುದಕ್ಕೂ ಕೇಳುವುದಕ್ಕೂ ತಕ್ಕವು. 2021ರ ಜೂನ್‌ನಲ್ಲಿ, ಕೋವಿಡ್‌ನ ದೆಸೆಯಿಂದ ಕಾಲೇಜುಗಳ ಬಾಗಿಲು ಮುಚ್ಚಿದ್ದಾಗ, ರಾಜ್ಯ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.5 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್‌ಗಳನ್ನು ಹಂಚತೊಡಗಿತಷ್ಟೆ. ಆಗಿನ ಅಗತ್ಯ ಪಾಠವನ್ನು ನೋಡುವುದಾಗಿತ್ತು. ಆ ಅಗತ್ಯಕ್ಕೂ, ಗಣಿತದ ಉಪನ್ಯಾಸಕರು ಹಲಗೆಯ ಮೇಲೆ ವೇಗದಿಂದ ಬರೆದುಕೊಂಡು ಹೋಗುವ ಸಮೀಕರಣಗಳನ್ನು ಅದೇ ವೇಗದಲ್ಲಿ ಇಳಿಸಿಕೊಳ್ಳುವ ಅಗತ್ಯಕ್ಕೂ ಅಜಗಜಾಂತರ.

ಬೆರಳಿನ ಪರದೆಯ ಮೇಲೆ ಬರೆಯುವುದಕ್ಕೆ ಇಂದು ಮೂರು ಬಗೆಯ ಲೇಖನಿಗಳುಂಟು. ಮೊದಲನೆಯದು ನೂರು ಇನ್ನೂರು ರೂಪಾಯಿಗೆ ಪಾದಚಾರಿ ಮಾರ್ಗದಲ್ಲಿಯೂ ದೊರೆಯುವ, ತುದಿಯಲ್ಲಿ ರಬ್ಬರಿನ ಗುಂಡನ್ನೋ ಪಾರದರ್ಶಕ ಬಿಲ್ಲೆಯನ್ನೋ ಉಳ್ಳ ಕಡ್ಡಿ. ಇದು ಬೆರಳಿನ ಸೋಗು ಹಾಕುತ್ತದೆಯೇ ಹೊರತು ಲೇಖನಿಯಲ್ಲ. ಕಡ್ಡಿ ಯಾವುದು ಅಂಗೈ ಯಾವುದು ಎಂಬ ಭೇದವನ್ನರಿಯದ ಪರದೆಯು, ಬರೆಯುವಾಗ ಸಹಜವಾಗಿ ಊರಿಕೊಳ್ಳುವ ಕೈಯ ಅಂಚನ್ನೂ ಬರಹವೆಂದೇ ಎಣಿಸಿ ಪುಟದ ತುಂಬ ಗೀಟೆಳೆದುಬಿಡುತ್ತದೆ. ಕೈಯನ್ನು ಅಂತರಿಕ್ಷದಲ್ಲಿ ಹಿಡಿದುಕೊಂಡು ಒಂದು ಗಂಟೆಯ ಪಾಠವನ್ನು ಬರೆದುಕೊಳ್ಳುವುದು ಯೋಗಾಭ್ಯಾಸಿಗಳಿಗೂ ಕಷ್ಟ. ಎರಡನೆಯದು ತನ್ನೊಳಗೆ ಬ್ಯಾಟರಿಯನ್ನು ಹೊಂದಿ, ತಾನೇ ಸಂಕೇತವನ್ನು ಹೊರಡಿಸಿ, ಪರದೆಗೆ ತನ್ನ ಸ್ಥಾನವನ್ನು ತಿಳಿಸತಕ್ಕ ಲೇಖನಿ. ಆಪಲ್ ಪೆನ್ಸಿಲ್, ಶಿಯೋಮಿಯ ಸ್ಮಾರ್ಟ್ ಪೆನ್ ಈ ವರ್ಗಕ್ಕೆ ಸೇರಿದವು. ಮೂರನೆಯದು ಸ್ಯಾಮ್‌ಸಂಗ್‌ನ ಎಸ್ ಪೆನ್ ಮೊದಲಾದವುಗಳ ಜಾತಿ: ಪರದೆಯ ಕೆಳಗೆ ಸೂಕ್ಷ್ಮವಾದ ತಂತಿ ಸುರುಳಿಗಳ ಜಾಲವಿದ್ದು, ಅದು ಹೊರಡಿಸುವ ಕಾಂತಕ್ಷೇತ್ರದಿಂದಲೇ ಲೇಖನಿಯೊಳಗಿನ ಸುರುಳಿಯು ಶಕ್ತಿಯನ್ನು ಪಡೆದು ಪ್ರತಿಧ್ವನಿಸುತ್ತದೆ, ಬರೆಯುವುದಕ್ಕೆ ಇದಕ್ಕೆ ಬ್ಯಾಟರಿಯೂ ಬೇಡ, ಚಾರ್ಜೂ ಬೇಡ. ಈ ಕೊನೆಯ ಎರಡು ವರ್ಗಗಳಲ್ಲಿ, ಲೇಖನಿ ಸಮೀಪಿಸಿತೆಂದು ತಿಳಿದೊಡನೆ ಪರದೆಯು ಅಂಗೈಯ ಸ್ಪರ್ಶವನ್ನು ಅಲಕ್ಷಿಸುತ್ತದೆ, ಆದ್ದರಿಂದ ಕಾಗದದ ಮೇಲೆ ಬರೆಯುವಂತೆಯೇ ಕೈಯೂರಿ ಬರೆಯಬಹುದು. ಹೀಗೆ ಕೇಳುವವರ ಪೈಕಿ ಮರೆಗುಳಿಗಳಿಗೆ, ಅಂದರೆ ಹದಿನೆಂಟರ ಹರೆಯದವರೆಲ್ಲರಿಗೂ, ನಾನು ಶಿಫಾರಸು ಮಾಡುವುದು ಮೂರನೆಯ ವರ್ಗವನ್ನು. ಇಂಟರ್ನಲ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಲೇಖನಿಯ ಚಾರ್ಜು ಮುಗಿಯಿತೆಂಬ ದುಃಖ ಅದರಲ್ಲಿಲ್ಲ.

ಮುಖ್ಯವಾದ ಸಂಗತಿಯೆಂದರೆ, ಈ ಲೇಖನಿಗಳಲ್ಲಿ ಯಾವುದೂ ಎಲ್ಲ ಪರದೆಗಳ ಮೇಲೂ ಬರೆಯದು. ಒಂದೇ ಕಂಪನಿಯ ಟ್ಯಾಬ್‌ಗಳಲ್ಲಿಯೂ ಲೇಖನಿಯನ್ನು ಒಪ್ಪುವವೂ ಒಪ್ಪದವೂ ಉಂಟು: ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್6 ಲೈಟ್ ಎಸ್ ಪೆನ್ನನ್ನು ಒಪ್ಪುತ್ತದೆ, ಅದೇ ಸಂಸ್ಥೆಯ ಟ್ಯಾಬ್ ಎ9 ಪ್ಲಸ್ ಒಪ್ಪುವುದಿಲ್ಲ, ನೋಡುವುದಕ್ಕೆ ಎರಡೂ ಅಣ್ಣತಮ್ಮಂದಿರಂತಿರುತ್ತವೆ. ಆದುದರಿಂದ ಬೆಲೆಯನ್ನು ಕೇಳುವಾಗ ಟ್ಯಾಬಿನ ಬೆಲೆಯನ್ನು ಮಾತ್ರ ಕೇಳದೆ, ಲೇಖನಿಸಹಿತವಾದ ಬೆಲೆಯನ್ನೇ ಕೇಳತಕ್ಕದ್ದು. ಎಸ್6 ಲೈಟ್ 2020ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ವೈಫೈ ಮಾದರಿಯ ಬೆಲೆ 27,999 ರೂ., ಲೇಖನಿ ಪೆಟ್ಟಿಗೆಯೊಳಗೇ ಇದ್ದಿತು. 2025ರ ಎಸ್10 ಲೈಟ್‌ನಲ್ಲಿಯೂ ಹಾಗೆಯೇ. 2023ರಲ್ಲಿ ಬಂದ ಶಿಯೋಮಿ ಪ್ಯಾಡ್ 6 ಎಸ್6 ಲೈಟ್‌ಗಿಂತ ಅಗ್ಗವೆಂಬಂತೆ 26,999 ರೂ.ಗೆ ಕಾಣಿಸಿಕೊಂಡರೂ ಅದರ ಲೇಖನಿಗೆ ಪ್ರತ್ಯೇಕವಾಗಿ 5,999 ರೂ. ತೆರಬೇಕಾಗಿತ್ತು, ಕೂಡಿಸಿದರೆ 32,998. 2025ರ ಐಪ್ಯಾಡ್‌ನ ಆರಂಭದ ಬೆಲೆ 34,900 ರೂ.; ಯುಎಸ್‌ಬಿ-ಸಿ ಪೆನ್ಸಿಲಿಗೆ 7,900 ಸೇರಿಸಿದರೆ 42,800 ಆಯಿತು. ಜಾಹೀರಾತಿನಲ್ಲಿ ಎಸ್6 ಲೈಟ್‌ಗಿಂತ ಸಾವಿರ ರೂಪಾಯಿ ಅಗ್ಗವಾಗಿ ತೋರಿದ ಶಿಯೋಮಿ ಅಂಗಡಿಯಿಂದ ಹೊರಬರುವಾಗ ಐದು ಸಾವಿರ ತುಟ್ಟಿಯಾಗಿರುವುದು ಹೀಗೆ. ಐಪ್ಯಾಡನ್ನೇ ಬಯಸುವವರಿಗೆ ಒಂದು ಉಪಾಯವುಂಟು: 2018ರಿಂದೀಚೆಗಿನ ಐಪ್ಯಾಡ್‌ಗಳ ಮೇಲೆ, ಎರಡು ಸಾವಿರದ ಆಸುಪಾಸಿನಲ್ಲಿ ದೊರೆಯುವ ಇತರ ತಯಾರಕರ ಬ್ಯಾಟರಿ ಲೇಖನಿಗಳೂ ಅಂಗೈಯ ತೊಡಕಿಲ್ಲದೆ ಬರೆಯುತ್ತವೆ. ಒತ್ತಿದಂತೆ ಗೆರೆ ದಪ್ಪವಾಗುವ ಗುಣ ಅವುಗಳಲ್ಲಿರುವುದಿಲ್ಲ. ಅದು ಆಪಲ್‌ನ ಯುಎಸ್‌ಬಿ-ಸಿ ಪೆನ್ಸಿಲಿನಲ್ಲಿಯೂ ಇಲ್ಲ. ಚಿತ್ರ ಬರೆಯುವವರಿಗೆ ಅದು ಕೊರತೆ, ಥರ್ಮೋಡೈನಮಿಕ್ಸ್ ಬರೆದುಕೊಳ್ಳುವವರಿಗೆ ಏನೂ ಅಲ್ಲ.

ಪೀಣ್ಯದ ತಂದೆಯರನ್ನು ಕುರಿತು ನನಗೆ ಒಂದು ಆಶ್ಚರ್ಯವುಂಟು. ಕಾರ್ಖಾನೆಯಲ್ಲಿ ಗೇಜು ಹಾಕಿ ನೋಡದೆ, ಮೈಕ್ರೋಮೀಟರಿನಿಂದ ಅಳೆಯದೆ ಒಂದೇ ಒಂದು ಜಾಬನ್ನೂ ಪಾಸು ಮಾಡದ ಈ ಮಹನೀಯರು, ಮಗಳ ಟ್ಯಾಬಿಗೆ ಒಂದು ತಿಂಗಳ ಸಂಬಳವನ್ನು ತೆರುವಾಗ ಮೊಬೈಲಿನಲ್ಲಿ ಬಂದ ಜಾಹೀರಾತನ್ನು ನಂಬಿಬಿಡುತ್ತಾರೆ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿರುವ ಮಾದರಿಯ ಮೇಲೆ ಲೇಖನಿಯನ್ನು ಹಿಡಿದು ಮಾಡಬೇಕಾದ ಪರೀಕ್ಷೆ ಕಾರ್ಖಾನೆಯ ತಪಾಸಣೆಗಿಂತ ಬಹಳ ಸುಲಭ. ಮೊದಲು ಅಂಗೈಯನ್ನು ನಿಸ್ಸಂಕೋಚವಾಗಿ ಪರದೆಯ ಮೇಲೆ ಊರತಕ್ಕದ್ದು. ಆಮೇಲೆ ಸ್ಕೇಲನ್ನಿಟ್ಟು, ಮೂಲೆಯಿಂದ ಮೂಲೆಗೆ, ಅತಿ ನಿಧಾನವಾಗಿ ಓರೆಗೆರೆಯೊಂದನ್ನು ಎಳೆಯತಕ್ಕದ್ದು. ವೇಗವಾಗಿ ಎಳೆದರೆ ಎಲ್ಲ ಲೇಖನಿಗಳೂ ನೇರವಾಗಿಯೇ ಎಳೆಯುತ್ತವೆ, ನಿಧಾನಿಸಿದಾಗ ಮಾತ್ರ ಕಳಪೆಯಾದುದರ ಗೆರೆ ಅಲೆಅಲೆಯಾಗಿ ನಡುಗುತ್ತದೆ. ಅನಂತರ ನೋಟ್‌ಬುಕ್ಕಿನ ಗೆರೆಯಷ್ಟೇ ಗಾತ್ರದ ಅಕ್ಷರಗಳಲ್ಲಿ, ಎಂದಿನ ವೇಗದಲ್ಲಿ, ‘ಸ್ವಾತಂತ್ರ್ಯ’, ‘ಲಕ್ಷ್ಮಿ’, ‘ರಾಷ್ಟ್ರ’ ಎಂದು ಬರೆದು ನೋಡಬೇಕು. ಇಂಗ್ಲಿಷಿನ ಬಿಡಿ ಅಕ್ಷರಗಳು ಎಂತಹ ಲೇಖನಿಯಲ್ಲಿಯೂ ಹೇಗೋ ಪಾರಾಗಿಬಿಡುತ್ತವೆ. ಅಕ್ಷರದ ಅಡಿಯಲ್ಲಿ ಒತ್ತು, ಒತ್ತಿನ ಮಗ್ಗುಲಲ್ಲಿ ಮತ್ತೊಂದು ಒತ್ತು ಬರುವ ನಮ್ಮ ಲಿಪಿಯು ಲೇಖನಿಯ ಮೊನೆಯ ಸೂಕ್ಷ್ಮತೆಯನ್ನೂ, ಮೊನೆ ಚಲಿಸಿದ ಮೇಲೆ ಗೆರೆ ಮೂಡುವುದಕ್ಕೆ ಹಿಡಿಯುವ ವಿಳಂಬವನ್ನೂ ಒಮ್ಮೆಗೇ ಬಯಲಿಗೆಳೆಯುತ್ತದೆ. ಒತ್ತುಗಳು ಒಂದರ ಮೇಲೊಂದು ಬಿದ್ದು ಕಲಸಿಹೋದರೆ, ಗಣಿತದ ಘಾತಾಂಕಗಳೂ ರಸಾಯನಶಾಸ್ತ್ರದ ಪಾದಾಂಕಗಳೂ ಹಾಗೆಯೇ ಕಲಸಿಹೋಗುವುವೆಂದು ತಿಳಿಯಬೇಕು. ಕನ್ನಡದಲ್ಲೇ ಟಿಪ್ಪಣಿ ಮಾಡಿಕೊಳ್ಳುವ ಸರ್ಕಾರಿ ಪ್ರಥಮದರ್ಜೆ ಕಾಲೇಜಿನ ವಿದ್ಯಾರ್ಥಿಗಂತೂ, ಕೀಲಿಮಣೆಯಲ್ಲಿ ಒತ್ತಕ್ಷರಗಳನ್ನು ಹುಡುಕುವುದಕ್ಕಿಂತ ಕೈಯಲ್ಲಿ ಬರೆಯುವುದೇ ಶೀಘ್ರವಾದ ಮಾರ್ಗವಾದುದರಿಂದ, ಈ ಪರೀಕ್ಷೆ ಅನಿವಾರ್ಯ.

ಗಾತ್ರದ ವಿಷಯದಲ್ಲಿ ಲೆಕ್ಕವೇ ಉತ್ತರ ಹೇಳುತ್ತದೆ. ಉಪನ್ಯಾಸಕರು ಕಳುಹಿಸುವ ಪಿಡಿಎಫ್‌ಗಳೆಲ್ಲ ಎ4 ಹಾಳೆಯ ಅಳತೆಯವು, ಅಂದರೆ 210 ಮಿಲಿಮೀಟರ್ ಅಗಲ, 297 ಎತ್ತರ. 16:10ರ ಪ್ರಮಾಣದ 11 ಅಂಗುಲದ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಅದರ ಅಗಲ ಸುಮಾರು 148 ಮಿಲಿಮೀಟರ್. ಎ4 ಪುಟವು ಅದರಲ್ಲಿ ಸರಿಯಾಗಿ ಎ5ರ ಗಾತ್ರಕ್ಕೆ, ನಡುವೆ ಮಡಿಸಿದ ಅರ್ಧ ಹಾಳೆಯಷ್ಟಕ್ಕೆ, ಇಳಿಯುತ್ತದೆ. ಅದನ್ನು ಓದಬಹುದು, ಅಂಚಿನಲ್ಲಿ ಟಿಪ್ಪಣಿ ಬರೆಯಲೂಬಹುದು. ಎಂಟೂವರೆ ಅಂಗುಲದ ಆಸುಪಾಸಿನವುಗಳಲ್ಲಿ ಅದೇ ಪುಟದ ಅಗಲವೇ ಅರ್ಧದ ಸಮೀಪಕ್ಕೆ ಕುಗ್ಗಿ, ಪ್ರತಿ ಸಾಲಿಗೂ ಹಿಗ್ಗಿಸಿ ಸರಿಸಿ ಓದಬೇಕಾಗುತ್ತದೆ. ಚಿಕ್ಕದು ಚೀಲಕ್ಕೆ ಹಗುರ, ಕಣ್ಣಿಗೆ ಭಾರ.

ಇಷ್ಟನ್ನು ಹೇಳಿದ ಮೇಲೆ, ಟ್ಯಾಬ್ ಬೇಕೇ ಎಂಬ ಮೂಲಪ್ರಶ್ನೆಯನ್ನು ಕೇಳದೆ ಬಿಡಲಾಗದು. 1998ರಲ್ಲಿ ಸ್ಥಾಪಿತವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ, ವೈಟ್‌ಫೀಲ್ಡಿನದಾಗಲಿ ಹೆಸರಘಟ್ಟ ರಸ್ತೆಯದಾಗಲಿ, ಸೆಮಿಸ್ಟರಿನ ಕೊನೆಯಲ್ಲಿ ವಿದ್ಯಾರ್ಥಿಯು ಕುಳಿತು ಬರೆಯಬೇಕಾದದ್ದು ಕಾಗದದ ಮೇಲೆಯೇ: ಐದು ಮಾಡ್ಯೂಲುಗಳು, ಮೂರು ಗಂಟೆ, ನೂರು ಅಂಕ. ಇಂಟರ್ನಲ್ಸ್‌ನ ಬ್ಲೂ ಬುಕ್ ಕಾಗದದ್ದು, ಲ್ಯಾಬಿನ ರೆಕಾರ್ಡೂ ಕಾಗದದ್ದೇ. ವಿನೋದವೇನೆಂದರೆ, ಹುಡುಗರು ಶಾಯಿಯಿಂದ ಬರೆದ ಆ ಉತ್ತರಪತ್ರಿಕೆಗಳನ್ನು ವಿಶ್ವವಿದ್ಯಾಲಯವು ಸ್ಕ್ಯಾನ್ ಮಾಡಿಸಿ, ಮೌಲ್ಯಮಾಪಕರ ಮುಂದೆ ಕಂಪ್ಯೂಟರ್ ಪರದೆಯ ಮೇಲಿಡುತ್ತದೆ. ಬರೆಯುವವನಿಗೆ ಕಾಗದ, ಓದುವವನಿಗೆ ಪರದೆ. ಈ ವ್ಯವಸ್ಥೆ ಇರುವಷ್ಟು ಕಾಲವೂ, ಗಾಜಿನ ಮೇಲೆ ಮಾತ್ರ ಬರೆದು ರೂಢಿಯಾದ ಕೈಗೆ ಡಿಸೆಂಬರ್ ಜನವರಿಯ ಪರೀಕ್ಷೆಯಲ್ಲಿ ಮೂರು ಗಂಟೆ ಕಾಗದದ ಮೇಲೆ ಬರೆಯುವ ಶಕ್ತಿ ಇರುವುದೋ ಇಲ್ಲವೋ ಎಂಬುದು ಯೋಚಿಸತಕ್ಕ ವಿಷಯ. ನಾನು ಹೇಳುವುದು ಇಷ್ಟು: ಪಾಠವನ್ನು ಟ್ಯಾಬಿನಲ್ಲಿ ಬರೆದುಕೊಳ್ಳಲಿ, ಹಳೆಯ ಪ್ರಶ್ನೆಪತ್ರಿಕೆಗಳಿಗೆ ಉತ್ತರವನ್ನು ಕಾಗದದಲ್ಲಿಯೇ ಅಭ್ಯಾಸ ಮಾಡಲಿ.

ಹಾಗಿದ್ದರೆ ಟ್ಯಾಬಿನ ಪ್ರಯೋಜನವೇನು? ಬರೆಯುವುದು ಅದರ ಅರ್ಧ ಪ್ರಯೋಜನ ಮಾತ್ರ. ಮಿಕ್ಕರ್ಧ, ಬೇರೆಯವರು ಬರೆದದ್ದರ ಮೇಲೆ ಬರೆಯುವುದು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಪ್ರತಿ ಸೆಮಿಸ್ಟರಿನಲ್ಲಿಯೂ ಸಲ್ಲುವ ಹಣ, ಸ್ಲೈಡುಗಳ ಕಟ್ಟು, ಸ್ಪೈರಲ್ ಬೈಂಡಿನ ಪ್ರಶ್ನಕೋಶಗಳು, ಇವೆಲ್ಲ ಒಂದು ಪರದೆಯೊಳಗೆ ಅಡಗುತ್ತವೆ. ಕಾಲೇಜಿಗೆ ಹೋಗಿಬರುವ ದಾರಿಯಲ್ಲಿಯೂ ಅದು ಒದಗುತ್ತದೆ. 2025ರ ಆಗಸ್ಟ್‌ನಿಂದ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೂ ಓಡುತ್ತಿದೆ. 2023ರಿಂದ ನೇರಳೆ ಮಾರ್ಗ ವೈಟ್‌ಫೀಲ್ಡನ್ನು ಮುಟ್ಟಿದೆ. ಆ ಬಂಡಿಗಳಲ್ಲಿ ನಿಂತುಕೊಂಡು ಬರೆಯುವುದಂತೂ ಅಸಾಧ್ಯ, ಕಂಬಕ್ಕೊರಗಿ ಓದುವುದು ಸಾಧ್ಯ. ಕೀಲಿಮಣೆಯುಳ್ಳ ಹೊದಿಕೆಯನ್ನು ಅಂಗಡಿಯವನು ಒತ್ತಾಯದಿಂದ ಕಟ್ಟಿಕೊಡಲು ಬಂದರೆ ನಯವಾಗಿ ನಿರಾಕರಿಸುವುದು ಒಳಿತು. ಪಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವವರು ಉಪನ್ಯಾಸವನ್ನು ಯಥಾವತ್ತಾಗಿ ಇಳಿಸಿಕೊಳ್ಳುವರೆಂದೂ, ಕೈಯಲ್ಲಿ ಬರೆಯುವವರು ಬರೆಯುವಾಗಲೇ ಸಂಗ್ರಹಿಸಬೇಕಾಗುವುದರಿಂದ ಭಾವಾರ್ಥದ ಪ್ರಶ್ನೆಗಳಲ್ಲಿ ಮುಂದಿದ್ದರೆಂದೂ ಕಂಡುಬಂದಿತು. ತರುವಾಯದ ಪುನಃಪರೀಕ್ಷೆಗಳಲ್ಲಿ ಈ ಅಂತರ ಅಷ್ಟು ಸ್ಪಷ್ಟವಾಗಿ ತೋರಲಿಲ್ಲವಾದುದರಿಂದ ಅದನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಆದರೂ ಸರ್ಕ್ಯೂಟಿನ ಚಿತ್ರವನ್ನೂ ಬೆಂಜೀನಿನ ಉಂಗುರವನ್ನೂ ಟೈಪು ಮಾಡುವುದು ಯಾರಿಂದಲೂ ಆಗದಷ್ಟೆ.

ಉಳಿದ ಬಾಬತ್ತುಗಳನ್ನು ಶೀಘ್ರವಾಗಿ ಮುಗಿಸಬಹುದು. ರ‍್ಯಾಮ್ 6 ಜಿಬಿ, ಸಂಗ್ರಹ 128 ಜಿಬಿ ಇದ್ದರೆ ನೋಟ್ಸಿಗೆ ಧಾರಾಳವಾಯಿತು. ಸಿಮ್ ಹಾಕುವ ಮಾದರಿಗೆ ಮೂರು ನಾಲ್ಕು ಸಾವಿರ ಅಧಿಕ ತೆರುವುದು, ಜೇಬಿನಲ್ಲಿ ಹಾಟ್‌ಸ್ಪಾಟ್ ಕೊಡಬಲ್ಲ ಫೋನು ಇರುವವರಿಗೆ ವ್ಯರ್ಥ. ಕ್ಯಾಮೆರಾ ಹಲಗೆಯ ಚಿತ್ರ ತೆಗೆಯುವಂತಿದ್ದರೆ ಸಾಕು. ಆದರೆ ತಂತ್ರಾಂಶದ ಪರಿಷ್ಕರಣವು ಎಷ್ಟು ವರ್ಷ ಬರುವುದೆಂದು ಕಂಪನಿಯು ಬರಹದಲ್ಲಿ ಹೇಳಿದೆಯೇ ಎಂಬುದನ್ನು ಕೇಳದೆ ಇರಕೂಡದು. ಇಂಜಿನಿಯರಿಂಗ್ ಎಂಟು ಸೆಮಿಸ್ಟರುಗಳ ವ್ಯವಹಾರ, ಎರಡನೆಯ ವರ್ಷಕ್ಕೇ ಅನಾಥವಾಗುವ ಯಂತ್ರದಿಂದ ಪ್ರಯೋಜನವಿಲ್ಲ. ಬರೆದದ್ದನ್ನು ವಾರಕ್ಕೊಮ್ಮೆ ಪಿಡಿಎಫ್ ಮಾಡಿ ಬೇರೊಂದೆಡೆ ಇಟ್ಟುಕೊಳ್ಳುವ ಅಭ್ಯಾಸವೂ ಬೇಕು. ಬಸ್ಸಿನಲ್ಲಿ ಮರೆತ ನೋಟ್‌ಬುಕ್ ಒಂದು ವಿಷಯವನ್ನು ಕಳೆಯುತ್ತದೆ, ಮರೆತ ಟ್ಯಾಬ್ ಆರು ವಿಷಯಗಳನ್ನು ಕಳೆಯುತ್ತದೆ.

ಇಪ್ಪತ್ತೈದು ಸಾವಿರವೂ ಹೊರೆಯೆನ್ನುವವರಿಗೆ ಎಸ್.ಪಿ. ರಸ್ತೆಯೂ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟೂ ಇದ್ದೇ ಇವೆ. ಲೇಖನಿಯನ್ನು ಒಪ್ಪುವ ಹಳೆಯ ಟ್ಯಾಬ್, ಒಪ್ಪದ ಹೊಸ ಟ್ಯಾಬಿಗಿಂತ ನೋಟ್ಸಿನ ಮಟ್ಟಿಗೆ ಶ್ರೇಷ್ಠವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಳೆಯದನ್ನು ಕೊಳ್ಳುವಾಗ, ಮಾರುವವನು ತನ್ನ ಐಕ್ಲೌಡ್ ಅಥವಾ ಗೂಗಲ್ ಖಾತೆಯಿಂದ ನಮ್ಮೆದುರಿಗೇ ಹೊರಬಂದು, ಯಂತ್ರವನ್ನು ಅಳಿಸಿ, ಹೊಸದಾಗಿ ಪ್ರಾರಂಭಿಸಿ ತೋರಿಸಬೇಕು. ಹಾಗೆ ಮಾಡದೆ ಕೊಟ್ಟದ್ದು ಆಮೇಲೆ ಹಿಂದಿನ ಒಡೆಯನ ಗುಪ್ತಪದವನ್ನು ಕೇಳುತ್ತ ಕುಳಿತರೆ, ಅದನ್ನು ಹಾಳೆಯ ಮೇಲಿಡುವ ಭಾರವಾಗಿ ಮಾತ್ರ ಬಳಸಬಹುದು. ಪರದೆಯ ಮೂಲೆಮೂಲೆಯಲ್ಲಿಯೂ ಲೇಖನಿಯಿಂದ ಗೀಚಿ, ಗೆರೆ ಎಲ್ಲಿಯಾದರೂ ತುಂಡಾಗುವುದೇ ಎಂದು ನೋಡಬೇಕು. ಹೊಸದನ್ನು ಕಂತಿನಲ್ಲಿ ಕೊಳ್ಳುವವರು ‘ನೋ ಕಾಸ್ಟ್ ಇಎಂಐ’ ಎಂಬ ಮಾತಿಗೆ ಮರುಳಾಗದೆ, ಬ್ಯಾಂಕಿನ ಸಂಸ್ಕರಣ ಶುಲ್ಕವನ್ನೂ, ಬಡ್ಡಿಯ ಮೇಲೆ ಬೀಳುವ ಶೇಕಡಾ 18ರ ಜಿಎಸ್‌ಟಿಯನ್ನೂ ಕೇಳಿ ತಿಳಿಯತಕ್ಕದ್ದು. ಬಡ್ಡಿಯನ್ನು ರಿಯಾಯಿತಿಯ ರೂಪದಲ್ಲಿ ಮೊದಲೇ ಕಳೆದಿದ್ದರೂ ಅದರ ಮೇಲಿನ ತೆರಿಗೆ ಕಾರ್ಡಿನ ಲೆಕ್ಕಕ್ಕೆ ತಿಂಗಳು ತಿಂಗಳೂ ಬರುತ್ತಿರುತ್ತದೆ.

ಕೊಳ್ಳುವ ಸಮಯದ ವಿಷಯ ಒಂದು ಮಾತು. ಪ್ರವೇಶವಾದ ವಾರವೇ ಅಂಗಡಿಗೆ ಓಡುವುದು ಬೇಡ. ಕೆಲವು ಕಾಲೇಜುಗಳು ತರಗತಿಯಲ್ಲಿ ಟ್ಯಾಬನ್ನು ತೆರೆಯಗೊಡುವುದಿಲ್ಲ. ಕೆಲವು ಉಪನ್ಯಾಸಕರು ನೋಟ್‌ಬುಕ್ಕಿಗೆ ಸಹಿ ಹಾಕಿ ಇಂಟರ್ನಲ್ ಅಂಕ ಕೊಡುತ್ತಾರೆ. ಮೊದಲ ಇಂಟರ್ನಲ್ಸ್‌ವರೆಗೆ ನೂರು ರೂಪಾಯಿಯ ನೋಟ್‌ಬುಕ್ಕುಗಳಲ್ಲಿ ಕಳೆದು, ಹಿರಿಯ ವಿದ್ಯಾರ್ಥಿಗಳ ಟ್ಯಾಬನ್ನು ಒಂದು ಗಂಟೆ ಎರವಲು ಪಡೆದು ಬರೆದು ನೋಡಲಿ. ಅಷ್ಟರಲ್ಲಿ ದಸರೆ ದೀಪಾವಳಿಗಳ ರಿಯಾಯಿತಿ ಮಾರಾಟವೂ ಬಂದಿರುತ್ತದೆ, ಪೀಣ್ಯದ ಮನೆಗಳಿಗೆ ಆಯುಧಪೂಜೆಯ ಬೋನಸೂ ಬಂದಿರುತ್ತದೆ.